ಟ್ರೇಲರ್ ಹಿಂದಿನ ದೀಪವೂ ಕಬ್ಬಿನ ದರದ ಮಾತೇ



ಕಬ್ಬು ನುರಿಸುವ ಹಂಗಾಮು ಬಂತೆಂದರೆ ಮಂಡ್ಯದಿಂದ ಮುಧೋಳದವರೆಗೆ ರಾತ್ರಿ ರಸ್ತೆಗಳಲ್ಲಿ ಒಂದೇ ನೋಟ. ಮುಂದೊಂದು ಟ್ರ್ಯಾಕ್ಟರು, ಹಿಂದೊಂದು ಟ್ರೇಲರು, ಉತ್ತರದ ಜಿಲ್ಲೆಗಳಲ್ಲಾದರೆ ಎರಡು. ಎರಡೂ ಬದಿಗೆ ಚಾಚಿದ ಜಲ್ಲೆ. ಹಿಂದೆ ದೀಪವಿಲ್ಲ, ಇದ್ದರೂ ಸೋಗೆ ಮುಚ್ಚಿರುತ್ತದೆ. ಬೈಕಿನಲ್ಲಿ ಬರುವ ಹುಡುಗನ ಕಣ್ಣಿಗೆ ಅದು ಬೀಳುವ ಹೊತ್ತಿಗೆ ಬ್ರೇಕ್ ಹಿಡಿಯಲು ಜಾಗ ಉಳಿದಿರುವುದಿಲ್ಲ. ಸತ್ತವನು ಯಾರೋ ಪರಸ್ಥಳದವನಲ್ಲ, ಪಕ್ಕದೂರಿನ ರೈತನ ಮಗ.

ಮಾರನೇ ದಿನ ಪತ್ರಿಕೆಯಲ್ಲಿ ‘ಚಾಲಕನ ನಿರ್ಲಕ್ಷ್ಯ’ ಎಂದು ನಾಲ್ಕು ಸಾಲು. ಆ ಕಬ್ಬು ಯಾರ ಗಾಣಕ್ಕೆ ಹೋಗ್ತಿತ್ತು ಸ್ವಾಮಿ? ಅದನ್ನು ಯಾರೂ ಕೇಳುವುದಿಲ್ಲ.

ನಮ್ಮ ಬಿಲ್ಲನ್ನೇ ನೋಡಿ. 2025-26ರ ಹಂಗಾಮಿಗೆ ಶೇ. 10.25 ಇಳುವರಿಗೆ ಟನ್ನಿಗೆ 3,550 ರೂಪಾಯಿ ಎಂದು ಕೇಂದ್ರ ಸರ್ಕಾರ ಗೊತ್ತುಮಾಡಿತು. ಅದು ಕಾರ್ಖಾನೆ ಬಾಗಿಲಿನ ಬೆಲೆ. ಕಟಾವು, ಸಾಗಣೆ ಎಂದು ಅದರಲ್ಲೇ ಮುರಿದುಕೊಂಡು ಉಳಿದದ್ದು ನಮ್ಮ ಕೈಗೆ. ಕಾರ್ಖಾನೆಯೇ ಗಾಡಿ ಕಳಿಸುವ ಕಡೆಯಲ್ಲೆಲ್ಲ ಗಾಡಿ ಗೊತ್ತುಮಾಡುವವರು ಅವರು, ಸರದಿ ಹಚ್ಚುವವರು ಅವರು, ಬಾಡಿಗೆ ನಿಗದಿ ಮಾಡುವವರೂ ಅವರೇ. ದುಡ್ಡು ಮಾತ್ರ ನಮ್ಮದು! ಅಪಘಾತವಾಯಿತೋ, ‘ಆ ಟ್ರ್ಯಾಕ್ಟರಿಗೂ ನಮಗೂ ಸಂಬಂಧವಿಲ್ಲ’.

ಬಾಡಿಗೆ ಟನ್ ಲೆಕ್ಕದಲ್ಲಿ. ಹಾಗಾಗಿ ಹೊರೆ ಹೆಚ್ಚುತ್ತದೆ, ಟ್ರಿಪ್ಪು ಹೆಚ್ಚುತ್ತದೆ, ಡ್ರೈವರ್ ಹುಡುಗನಿಗೆ ನಿದ್ದೆ ಇಲ್ಲ. ಕಾರ್ಖಾನೆ ಅಂಗಳದಲ್ಲಿ ಜಾಗ ಸಾಲದೆ ಗಾಡಿಗಳು ರಸ್ತೆ ಅಂಚಿನಲ್ಲೇ ರಾತ್ರಿಯೆಲ್ಲ ನಿಲ್ಲುತ್ತವೆ.

ಇನ್ನು ಸಾಲದ ಮಾತು. ಟ್ರ್ಯಾಕ್ಟರು ಬ್ಯಾಂಕ್ ಸಾಲದ್ದು. ಬೇಸಾಯಕ್ಕೆಂದು ವಿಮೆ ಮಾಡಿಸಿದ್ದು ಬಾಡಿಗೆಗೆ ಕಬ್ಬು ಹೊರುತ್ತಿತ್ತು, ಟ್ರೇಲರಿಗೆ ಪಾಲಿಸಿಯೇ ಇರಲಿಲ್ಲ ಎಂದು ವಿಮೆಯವರು ತಕರಾರು ತೆಗೆಯುತ್ತಾರೆ. ಆ ತಕರಾರು ಕೋರ್ಟಿನಲ್ಲಿ ನಿಂತರೆ ಪರಿಹಾರದ ಹೊರೆ ಮಾಲೀಕನ ತಲೆಗೆ. 1988ರ ಮೋಟಾರು ವಾಹನ ಕಾಯ್ದೆಯ 174ನೇ ಕಲಮಿನಂತೆ ಅದನ್ನು ಭೂಕಂದಾಯದ ಬಾಕಿಯ ಹಾಗೆ ವಸೂಲು ಮಾಡಬಹುದು. ಅಂದರೆ ಜಮೀನಿಗೇ ಕೈ. 1966ರ ಕಬ್ಬು ನಿಯಂತ್ರಣ ಆದೇಶದಲ್ಲೂ ಇದೇ ಮಾತಿದೆ: ಕಾರ್ಖಾನೆ 14 ದಿನದಲ್ಲಿ ಹಣ ಕೊಡಬೇಕು, ತಪ್ಪಿದರೆ ಶೇ. 15 ಬಡ್ಡಿ, ಬಾಕಿಯನ್ನು ಭೂಕಂದಾಯದಂತೆ ವಸೂಲು ಮಾಡಬಹುದು. ಕಾನೂನು ಒಂದೇ. ಅಮೀನ ಯಾರ ಬಾಗಿಲಿಗೆ ಮೊದಲು ಬರ್ತಾನೆ ಅನ್ನೋದು ನಿಮಗೇ ಗೊತ್ತು.

ಸರ್ಕಾರಕ್ಕೆ ತಿಳಿದಿರುವ ಮದ್ದು ನಿಷೇಧ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ದಾರಿಗೆ ಟ್ರ್ಯಾಕ್ಟರು ಬರಕೂಡದೆಂದರು. ರೈತರ ಜಮೀನು ಕೊಂಡು ಮಾಡಿದ ರಸ್ತೆ! ಹೋಗ್ಲಿ, ಅಂಥ ವೇಗದ ದಾರಿಯಲ್ಲಿ ಟ್ರ್ಯಾಕ್ಟರು ಬೇಡವೆನ್ನುವುದನ್ನು ಒಪ್ಪೋಣ. ಸರ್ವಿಸ್ ರಸ್ತೆಯಲ್ಲಿ ಸಾಯುವವರನ್ನು ಯಾರು ಕೇಳಬೇಕು?

ನಮ್ಮ ತಪ್ಪನ್ನೂ ಹೇಳದೆ ಬಿಡುವುದಿಲ್ಲ. ಎತ್ತಿನ ಗಾಡಿಯ ಕಾಲದಲ್ಲಿ ಅಚ್ಚಿನ ಕೆಳಗೆ ಲಾಟೀನು ತೂಗುಹಾಕದೆ ರಾತ್ರಿ ಹೊರಡುತ್ತಿರಲಿಲ್ಲ. ಈಗ ಲಕ್ಷಗಟ್ಟಲೆ ಟ್ರ್ಯಾಕ್ಟರಿಗೆ ಸಾಲ ಮಾಡುವವರಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಭಾರವಂತೆ. ಉಳುವಾಗ ಎಡ ಬಲದ ಬ್ರೇಕನ್ನು ಬೇರೆ ಮಾಡಿಕೊಂಡವರು ರಸ್ತೆಗೆ ಬಂದಾಗ ಎರಡು ಪೆಡಲಿನ ಕೊಂಡಿ ಹಾಕುವುದನ್ನೇ ಮರೆಯುತ್ತಾರೆ. ಒಂದೇ ಕಡೆ ಬ್ರೇಕ್ ಬಿದ್ದರೆ ಹೊರೆ ಹೊತ್ತ ಟ್ರೇಲರು ಅಡ್ಡ ತಿರುಗಿ ಟ್ರ್ಯಾಕ್ಟರನ್ನೇ ಮಗುಚುತ್ತದೆ. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸುವವರಿಗೆ ಏನು ಹೇಳೋಣ!

ಈ ಸಲ ದರದ ಸಭೆಗೆ ಹೋದಾಗ ಇದನ್ನೂ ಇಡಿ. ಸಾಗಣೆ ವೆಚ್ಚ ಮುರಿಯುವ ಕಾರ್ಖಾನೆಯೇ ಪ್ರತಿ ಟ್ರೇಲರಿಗೂ ಹಿಂದೀಪ, ರಿಫ್ಲೆಕ್ಟರು ಹಾಕಿಸಬೇಕು, ವಿಮೆ ಇದೆಯೇ ಎಂದು ನೋಡಿ ಗಾಡಿ ಕಳಿಸಬೇಕು, ಸರದಿಯ ಗಾಡಿಗಳಿಗೆ ಅಂಗಳದೊಳಗೆ ಜಾಗ ಕೊಡಬೇಕು. ಈ ಖರ್ಚನ್ನು ಮತ್ತೆ ನಮ್ಮ ಬಿಲ್ಲಿಗೆ ಹಚ್ಚಕೂಡದು. ಬರವಣಿಗೆಯಲ್ಲಿ ಒಪ್ಪದಿದ್ದರೆ, ದೀಪವಿಲ್ಲದ ಟ್ರೇಲರಿಗೆ ನಮ್ಮ ಗದ್ದೆಯಿಂದ ಒಂದು ಜಲ್ಲೆಯನ್ನೂ ತುಂಬುವುದು ಬೇಡ. ಕಬ್ಬು ಒಣಗಿ ತೂಕ ಹೋದೀತೆಂಬ ಭಯ ನಮಗಿದೆ, ನಿಜ. ಕಬ್ಬಿಲ್ಲದೆ ಗಾಣ ನಿಂತೀತೆಂಬ ಭಯ ಅವರಿಗೂ ಇದೆ.