ಅಕ್ಯುರಸಿಯೂ ಪ್ರಿಸಿಷನ್ನೂ

ಇಂಗ್ಲಿಷ್ ನಿಘಂಟಿನಲ್ಲಿ ‘ಅಕ್ಯುರಸಿ’ ಎಂಬ ಪದವನ್ನು ಹುಡುಕಿದರೆ ‘ಪ್ರಿಸಿಷನ್’ ಎಂಬುದು ಅದರ ಸಮಾನಪದವೆಂದು ಕಾಣುವುದುಂಟು. ಮಾತಿನ ವ್ಯವಹಾರಕ್ಕೆ ಅಷ್ಟು ಸಾಕು. ಪ್ರಯೋಗಶಾಲೆಗೆ ಕಾಲಿಟ್ಟ ವಿದ್ಯಾರ್ಥಿಗೆ ಸಾಲದು. ಅಳತೆಯು ನಿಜವಾದ ಬೆಲೆಗೆ ಎಷ್ಟು ಸಮೀಪವಾಗಿದೆಯೆಂಬುದನ್ನು ಮೊದಲನೆಯ ಪದವು ತಿಳಿಸುತ್ತದೆ. ಮತ್ತೆ ಮತ್ತೆ ಅಳೆದಾಗ ಬಂದ ಬೆಲೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆಯೆಂಬುದನ್ನು ತಿಳಿಸುವುದು ಎರಡನೆಯದು. ಇವುಗಳ ಲ್ಯಾಟಿನ್ ಮೂಲಗಳೂ ಬೇರೆ: ಒಂದರ ಬೇರಿನಲ್ಲಿರುವ ಅರ್ಥ ಆಸ್ಥೆ, ಇನ್ನೊಂದರಲ್ಲಿ ಕತ್ತರಿಸುವುದು.

ಸರಳ ಲೋಲಕದ ಪ್ರಯೋಗವನ್ನೇ ತೆಗೆದುಕೊಳ್ಳಿರಿ. ಒಂದು ಮೀಟರು ಉದ್ದದ ಲೋಲಕದಲ್ಲಿ ಗುಂಡಿನ ತ್ರಿಜ್ಯವಾದ 1 ಸೆಂಟಿಮೀಟರನ್ನು ಲೆಕ್ಕಕ್ಕೆ ಸೇರಿಸದೆ ಬಿಟ್ಟರೆ ಗುರುತ್ವ ವೇಗೋತ್ಕರ್ಷವು ಶೇಕಡ 1ರಷ್ಟು ಕಡಮೆ ಬರುತ್ತದೆ, 9.78 ಬರಬೇಕಾದಲ್ಲಿ 9.68. ಹತ್ತು ಸಲ ಮಾಡಿದರೂ ಹೆಚ್ಚುಕಡಮೆ ಅದೇ ಬೆಲೆ. ಪ್ರಿಸಿಷನ್ ಉಂಟು, ಅಕ್ಯುರಸಿ ಇಲ್ಲ. ಕ್ಯಾಲ್ಕುಲೇಟರಿನ ಕೃಪೆಯಿಂದ ದಶಾಂಶಬಿಂದುವಿನ ಮುಂದೆ ಏಳೆಂಟು ಅಂಕಿಗಳನ್ನು ಬರೆದವನಿಗೆ ಇವೆರಡರಲ್ಲಿ ಒಂದೂ ದೊರೆಯಲಿಲ್ಲವೆಂಬುದು ಬೇರೆ ಮಾತು.

ಈ ವಿವೇಚನೆ ಪರೀಕ್ಷೆಯ ಎರಡು ಅಂಕಗಳಿಗಾಗಿ ಮಾತ್ರವೆಂದು ತಿಳಿಯಬಾರದು. 1990ರಲ್ಲಿ ಅಂತರಿಕ್ಷಕ್ಕೆ ಕಳುಹಿದ ಹಬಲ್ ದೂರದರ್ಶಕದ 2.4 ಮೀಟರು ವ್ಯಾಸದ ಕನ್ನಡಿಯನ್ನು ಅತಿ ನಯವಾಗಿ, ಅತಿ ಸೂಕ್ಷ್ಮವಾಗಿ ಉಜ್ಜಿದ್ದರು. ಆದರೆ ಉಜ್ಜಿದ್ದು ತಪ್ಪು ಆಕಾರಕ್ಕೆ! ಕನ್ನಡಿಯನ್ನು ಪರೀಕ್ಷಿಸುವ ಉಪಕರಣದಲ್ಲಿ ಒಂದು ಮಸೂರವು 1.3 ಮಿಲಿಮೀಟರಿನಷ್ಟು ಸ್ಥಾನ ತಪ್ಪಿದ್ದಿತು. ಅದರಿಂದ ಕನ್ನಡಿಯ ಅಂಚು ಸುಮಾರು 2 ಮೈಕ್ರಾನ್ ಹೆಚ್ಚು ಚಪ್ಪಟೆಯಾಗಿ, ಚಿತ್ರಗಳು ಮಸುಕಾದುವು. ಬೇರೆ ಉಪಕರಣಗಳು ಈ ದೋಷವನ್ನು ಮೊದಲೇ ತೋರಿಸಿದ್ದುವು. ಅವು ಅಷ್ಟು ಸೂಕ್ಷ್ಮವಲ್ಲವೆಂದು ಅವುಗಳ ಸಾಕ್ಷ್ಯವನ್ನು ತಳ್ಳಿಹಾಕಲಾಯಿತು. ಸೂಕ್ಷ್ಮವಾದುದೆಲ್ಲ ಸತ್ಯವೆಂಬ ಈ ಭ್ರಮೆಗೆ ತೆತ್ತ ಬೆಲೆ ಅಲ್ಪವಲ್ಲ. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಅಲ್ಲಿಗೇ ಹೋಗಿ ಸರಿಪಡಿಸಬೇಕಾಯಿತು.

ಕನ್ನಡದಲ್ಲಿ ಬರೆಯುವಾಗ ಎರಡಕ್ಕೂ ‘ನಿಖರತೆ’ ಎಂದೇ ಹೇಳಿ ಮುಗಿಸುವುದು ನನಗೆ ಸಮ್ಮತವಲ್ಲ. ಅಕ್ಯುರಸಿಗೆ ‘ನಿಖರತೆ’, ಪ್ರಿಸಿಷನ್ನಿಗೆ ‘ನಿಷ್ಕೃಷ್ಟತೆ’ ಎಂದು ಬೇರೆ ಬೇರೆ ಮೀಸಲಿಡುವುದು ಮೇಲು. ಎರಡನೆಯದು ನಾಲಗೆಗೆ ಸ್ವಲ್ಪ ತೊಡಕೆಂಬ ಆಕ್ಷೇಪಣೆಯನ್ನು ಒಪ್ಪುತ್ತೇನೆ. ಇದಕ್ಕಿಂತ ಸುಲಭವಾದ ಪದವನ್ನು ಯಾರಾದರೂ ಸೂಚಿಸಿದರೆ ಸಂತೋಷ. ಅಧ್ಯಾಪಕರಾದ ನಾವೂ ಒಂದನ್ನು ಮಾಡಬೇಕು. 9.68 ಬಂದುದನ್ನು ಅಳಿಸಿ 9.80 ಎಂದು ತಿದ್ದಿದವನಿಗಿಂತ, ಬಂದುದನ್ನು ಬಂದಂತೆಯೇ ಬರೆದು, ಏಕೆ ಹಾಗಾಯಿತೆಂದು ಗುಂಡಿನ ವ್ಯಾಸವನ್ನು ಕ್ಯಾಲಿಪರ್ಸಿನಿಂದ ಮತ್ತೆ ಅಳೆಯಹೊರಟವನಿಗೆ ಹೆಚ್ಚು ಅಂಕ ಕೊಡಬೇಕು.