ಅಮ್ಮನ ಚೀಲದಲ್ಲೊಂದು ನಿಂಬೆಹಣ್ಣು

ಎರಡು ವರ್ಷದ ಹಿಂದೆ ನಮ್ಮ ಅಡುಗೆಕಟ್ಟೆಗೆ ಗ್ರಾನೈಟ್ ಆರಿಸಿದ್ದು ನಾನೇ. ‘ನಾನೂ ಬರ್ತೀನಿ ಕಣೋ’ ಅಂದಿದ್ದಳು ಅಮ್ಮ. ‘ಕಲ್ಲು ತಾನೇ ಅಮ್ಮ, ನಾನೇ ನೋಡ್ಕೊಂಡು ಬರ್ತೀನಿ ಬಿಡು’ ಅಂತ ಶನಿವಾರ ಒಬ್ಬನೇ ಹೋದೆ. ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಕಪ್ಪು ಕಲ್ಲು. ಪಕ್ಕದ ಕಲ್ಲಿಗಿಂತ ಚದರಡಿಗೆ 30 ರೂಪಾಯಿ ಕಡಿಮೆ ಬೇರೆ. ಫೋಟೊ ತೆಗೆದು ಅಮ್ಮನಿಗೆ ಕಳಿಸಿ, ಮುಂಗಡ ಕೊಟ್ಟು ಬಂದೆ.

ಗೃಹಪ್ರವೇಶ ಆಗಿ ಆರೇಳು ತಿಂಗಳಾಗಿರಬೇಕು. ಒಲೆಯ ಪಕ್ಕ ಯಾವಾಗಲೂ ಒಂದು ದೊಡ್ಡ ಸ್ಟೀಲ್ ತಟ್ಟೆ ಬೋರಲಾಗಿ ಬಿದ್ದಿರುತ್ತಿತ್ತು. ಒಂದು ದಿನ ಸುಮ್ಮನೆ ಎತ್ತಿದರೆ, ಅಡಿಯಲ್ಲಿ ಅಂಗೈಯಗಲದ ಬೂದು ಕಲೆ! ಅಮ್ಮನ ಮುಖ ಸಣ್ಣಗಾಯಿತು. ‘ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡ್ತಿದ್ದೆ, ರಸ ಚೆಲ್ಲಿದ್ದು ನೋಡ್ಲಿಲ್ಲ ಕಣೋ. ಉಜ್ಜಿದಷ್ಟೂ ಜಾಸ್ತಿ ಆಯ್ತು. ನೀನು ಸಾಲ ಮಾಡಿ ಹಾಕ್ಸಿದ್ದು...’ ಅಂದಳು. ಮೂರು ತಿಂಗಳಿಂದ ಅದನ್ನು ನನಗೆ ಕಾಣದ ಹಾಗೆ ಮುಚ್ಚಿಟ್ಟಿದ್ದಳು.

ಆ ರಾತ್ರಿ ಕೂತು ಓದಿದೆ. ನಿಂಬೆರಸಕ್ಕೆ ಕಲೆಯಾಗುವುದು ಅಮೃತಶಿಲೆ, ಅದರಲ್ಲಿ ಸುಣ್ಣದ ಅಂಶ ಇರುತ್ತದೆ. ಗ್ರಾನೈಟ್ ಅಷ್ಟಕ್ಕೆಲ್ಲ ಜಗ್ಗುವುದಿಲ್ಲ. ಆದರೆ ಬೂದು ಕಲ್ಲಿಗೆ ಕಪ್ಪು ಬಣ್ಣ ಕುಡಿಸಿ ಮಾರುವುದೂ ಉಂಟಂತೆ. ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಕಟ್ಟೆಯ ಮೂಲೆ ಒರೆಸಿದೆ. ಬಟ್ಟೆ ಕಪ್ಪಾಯಿತು. ಆಫೀಸಿನಲ್ಲಿ ಟೆಸ್ಟ್ ಮಾಡದೆ ಒಂದು ಸಾಲು ಕೋಡ್ ಬಿಡದವನು, ಮನೆಯ ಕಲ್ಲನ್ನು ಫೋಟೊದಲ್ಲಿ ಆರಿಸಿದ್ದೆ! ಬಟ್ಟೆ ತೋರಿಸಿ ‘ತಪ್ಪು ನಿಂದಲ್ಲ ಅಮ್ಮ, ನಂದು’ ಅಂದೆ. ಕಲ್ಲು ಬದಲಾಯಿಸಲು ಮಾತ್ರ ಅವಳು ಒಪ್ಪಲಿಲ್ಲ.

ಹೋದ ತಿಂಗಳು ಅಕ್ಕನ ಮನೆಗೆ ಕಲ್ಲು ನೋಡಲು ಜಿಗಣಿಗೆ ಹೊರಟಾಗ ಅಮ್ಮನನ್ನೂ ಕರೆದುಕೊಂಡು ಹೋದೆ. ಈ ಸಲ ನಿಧಾನವಾಗಿ ನೋಡಿದೆವು. ಕಲ್ಲನ್ನು ನೆರಳಲ್ಲಲ್ಲ, ಬಿಸಿಲಿಗೆ ನಿಲ್ಲಿಸಿಯೇ ನೋಡಬೇಕು. ಮೇಲೆ ನೀರು ಸುರಿದು ಆರಲು ಬಿಟ್ಟರೆ, ಸೀಳು ಇರುವ ಕಡೆ ಒದ್ದೆ ಗೆರೆ ಹಾಗೇ ಉಳಿಯುತ್ತದೆ. ಹದಿನೈದು ನಿಮಿಷ ನೀರಿನ ಹನಿ ಇಟ್ಟಾಗ ಕಲ್ಲು ಕಪ್ಪಿಟ್ಟರೆ ಅದು ನೀರು, ಎಣ್ಣೆ ಎರಡನ್ನೂ ಹೀರುತ್ತದೆ ಅಂತ ಅರ್ಥ. ತಿಳಿ ಬಣ್ಣದ ಕಲ್ಲುಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಂಥದಕ್ಕೆ ಸೀಲರ್ ಹಚ್ಚಿಸಲೇಬೇಕು. ಕಟ್ಟೆಗೆ 18ರಿಂದ 20 ಮಿಲಿಮೀಟರ್ ದಪ್ಪ ಇದ್ದರೆ ಒಳ್ಳೆಯದು. ಅಂಚಿನ ಪಾಲಿಶ್, ಸಿಂಕ್ ಕೊರೆಯುವ ಕೂಲಿ ಎಲ್ಲ ಬೇರೆ ಲೆಕ್ಕ, ಮೊದಲೇ ಕೇಳಿ. ಬಚ್ಚಲಿಗೆ ಹೊಳೆಯುವ ಕಲ್ಲು ಬೇಡವೇ ಬೇಡ, ಒದ್ದೆಯಾದರೆ ಜಾರುತ್ತದೆ.

ಅಕ್ಕನಿಗೆ ಕಪ್ಪೇ ಇಷ್ಟವಾಯಿತು. ರೇಟು ಮಾತಾಡುವ ಹೊತ್ತಿಗೆ ಅಮ್ಮ ಚೀಲದಿಂದ ಒಂದು ನಿಂಬೆಹಣ್ಣು, ಚಾಕು ತೆಗೆದಳು! ಅಂಗಡಿಯವರು ನಕ್ಕುಬಿಟ್ಟರು. ‘ಹಿಂಡಿ ಅಮ್ಮಾ, ಧಾರಾಳವಾಗಿ ಹಿಂಡಿ’ ಅಂತ ಅದೇ ಕಲ್ಲಿನ ತುಂಡು ತಂದುಕೊಟ್ಟು, ಟೀ ತರಿಸಿದರು. ಅರ್ಧ ಗಂಟೆ ಬಿಟ್ಟು ಒರೆಸಿದರೆ ಏನೂ ಆಗಿರಲಿಲ್ಲ. ನಾನು ಅಸಿಟೋನ್ ಹಾಕಿ ಒರೆಸಿದ ಬಟ್ಟೆಯೂ ಬೆಳ್ಳಗೇ ಇತ್ತು.

ವಾಪಸ್ ಬರುವಾಗ ಅಮ್ಮ ಅಕ್ಕನಿಗೆ ಪಾಠ ಶುರು ಮಾಡಿದಳು. ದಿನಾ ಪಾತ್ರೆ ತೊಳೆಯುವ ಸೋಪಿನ ತೆಳು ನೀರು, ಮೆತ್ತಗಿನ ಬಟ್ಟೆ ಸಾಕು. ಆಸಿಡ್, ತೆಂಗಿನ ನಾರು, ಉಜ್ಜುವ ಪುಡಿ ಬೇಡ. ಎಣ್ಣೆ, ಅರಿಶಿನ ಬಿದ್ದರೆ ಆಗಿಂದಾಗ್ಗೆ ಒರೆಸು. ಎಣ್ಣೆ ಇಳಿದಿದ್ದರೆ ಅಡುಗೆ ಸೋಡಾ ಕಲಸಿ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡು. ಕುಕ್ಕರನ್ನು ಒಲೆಯಿಂದ ಇಳಿಸಿ ನೇರ ಕಲ್ಲಿನ ಮೇಲೆ ಇಡಬೇಡ.

ನಮ್ಮ ಕಟ್ಟೆಯ ಬೂದು ಕಲೆ ಹಾಗೇ ಇದೆ. ತಟ್ಟೆ ಮಾತ್ರ ಈಗ ಸ್ಟ್ಯಾಂಡಿನಲ್ಲಿದೆ.