ಬೈಯುವ ಮೊದಲು ಅಳೆಯಿರಿ

ಬಹಳ ದಿನದಿಂದ ಇಲ್ಲಿ ಏನೂ ಕುಟ್ಟಿರಲಿಲ್ಲ. ಆಫೀಸಲ್ಲಿ ರಿಲೀಸು, ಊರಲ್ಲಿ ಅಡಿಕೆ ಕೊಯ್ಲು, ಮಧ್ಯೆ ಅಜ್ಜಿಗೆ ಹುಷಾರಿಲ್ಲ... ಹೀಗೇ ಒಂದಲ್ಲ ಒಂದು ನೆಪ. ಇವತ್ತು ಕೂತಿದ್ದು ಒಂದು ತಪ್ಪೊಪ್ಪಿಗೆಗೆ ಅಂತಲೇ ಇಟ್ಕೊಳ್ಳಿ. ವಿಷಯ: ಕಾರಿನ ಸ್ಟೀರಿಯೋ. "ಇವನಿಗೆ ಬರೆಯೋಕೆ ಬೇರೇನೂ ಸಿಗಲಿಲ್ವಾ?" ಅಂತ ಮೂಗು ಮುರೀಬೇಡಿ. ನನ್ನ ಹಾಡಿನ ಹುಚ್ಚು, ಒಂದು ತಪ್ಪು ವೈರು, ಇವೆರಡೂ ಸೇರಿ ಏನು ಮಾಡಿದವು ಅಂತ ಕೇಳಿ, ಆಮೇಲೆ ಬೇಕಾದ್ರೆ ಬೈಯಿರಿ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಸೆಕೆಂಡ್‌ಹ್ಯಾಂಡ್ ಪುಟ್ಟ ಕಾರು ತಗೊಂಡಿದ್ದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನಕ್ಕೆ ಎರಡು ಗಂಟೆ ಕೂರೋನಿಗೆ ಹಾಡಾದ್ರೂ ಚೆನ್ನಾಗಿರಬೇಡ್ವಾ? ಕಾರಿನ ಜೊತೆ ಬಂದಿದ್ದ ಸ್ಟೀರಿಯೋವನ್ನು ಹಾಗೇ ಇಟ್ಟು, ಡಿಕ್ಕಿಯಲ್ಲಿ ಒಂದು ಆಂಪ್ಲಿಫೈಯರ್, ಒಂದು ಸಬ್‌ವೂಫರ್ ಹಾಕಿಸಿದೆ. ಅಂಗಡಿಯ ಹುಡುಗ ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಸಿ, ಹಾಡು ಹಾಕಿ ತೋರಿಸಿ, "ಹೆಂಗಿದೆ ಸಾರ್?" ಅಂದ. ಗಾಜುಗಳು ನಡುಗಿದವು. ನಾನೂ ಖುಷಿಯಿಂದ ನಡುಗಿದೆ :-)

ಎರಡು ವರ್ಷ ಒಂದೇ ಒಂದು ತೊಂದರೆ ಇರಲಿಲ್ಲ. ಆಮೇಲೆ ಮನೆಯಿಂದಲೇ ಕೆಲಸ ಜಾಸ್ತಿಯಾಗಿ, ಕಳೆದ ದಸರಾ ಹೊತ್ತಿಗೆ ಕಾರನ್ನು ಊರಿಗೆ, ಅಂದರೆ ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಗೆ, ಒಯ್ದು ಅಪ್ಪಯ್ಯನ ಕೈಗೆ ಕೀ ಕೊಟ್ಟು ಬಂದೆ. ಶುರುವಾಯ್ತು ನೋಡಿ ಫೋನು.

"ಸೆಲ್ಫೇ ತಗಳ್ತಿಲ್ಲ ಮಾರಾಯ. ಬ್ಯಾಟ್ರಿ ಇಳಿದುಹೋಗಿದೆ."

"ಒಳಗಿನ ಲೈಟು ಹಾಕಿಟ್ಟು ಮರೆತಿರ್ತೀರಿ ಅಪ್ಪಯ್ಯ."

"ಇಲ್ಲ ಮಾರಾಯ, ನೋಡೇ ಬಾಗಿಲು ಹಾಕಿದ್ದೆ."

"ಇಲ್ಲಿ ಎರಡು ವರ್ಷ ಏನೂ ಆಗಿಲ್ಲ. ಸರಿಯಾಗಿ ನೋಡಿ ಬಾಗಿಲು ಹಾಕಿ."

ಇದು ಮೂರು ಸಲ ಆಯ್ತು. ಅಪ್ಪಯ್ಯ ಕಾರನ್ನು ಗೇಟಿನ ಹತ್ತಿರದ ಇಳಿಜಾರಿನಲ್ಲಿ ನಿಲ್ಲಿಸಿ, ತಳ್ಳಿ ಸ್ಟಾರ್ಟ್ ಮಾಡೋದನ್ನು ರೂಢಿ ಮಾಡ್ಕೊಂಡರು. ದೀಪಾವಳಿಗೆ ಹೊಸ ಬ್ಯಾಟರಿ ಹಾಕಿಸಿದೆ. ಆಮೇಲೆ ಫೋನಿಲ್ಲ! "ನೋಡಿದ್ರಾ, ಬ್ಯಾಟರಿ ಹಳೇದಾಗಿತ್ತು" ಅಂತ ನಾನು ಜಂಬ ಕೊಚ್ಚಿಕೊಂಡೆ. ಅದು ಅಡಿಕೆ ಕೊಯ್ಲಿನ ಕಾಲ, ಕಾರು ದಿನಾ ಪೇಟೆಗೆ ಓಡಾಡ್ತಿತ್ತು ಅನ್ನೋದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಕೊಯ್ಲು ಮುಗೀತು. ಜನವರಿಯ ಒಂದು ರಾತ್ರಿ, ಕೊರೆಯುವ ಚಳಿ. ಅಜ್ಜಿಗೆ ಉಬ್ಬಸ ಜೋರಾಯ್ತು. ಅಪ್ಪಯ್ಯ ಓಡಿಹೋಗಿ ಕೀ ತಿರುಗಿಸಿದರೆ ಕಟ್ ಕಟ್ ಅನ್ನೋ ಸದ್ದು, ಅಷ್ಟೇ. ಹೊಸ ಬ್ಯಾಟರಿ ಅನ್ನೋ ಧೈರ್ಯಕ್ಕೆ ಕಾರನ್ನು ಇಳಿಜಾರು ಬಿಟ್ಟು ಅಂಗಳದಲ್ಲಿ ನಿಲ್ಲಿಸಿದ್ದರು. ಅಮ್ಮ ಒಬ್ಬಳು ತಳ್ಳಿದರೆ ಅದು ಅಲ್ಲಾಡುತ್ತಾ? ಪಕ್ಕದ ಮನೆಯವರನ್ನು ಎಬ್ಬಿಸಿ, ಅವರ ಓಮ್ನಿ ತರಿಸಿ, ಅಜ್ಜಿಯನ್ನು ಎತ್ತಿ ಮಲಗಿಸಿ ಹೊರಡುವಷ್ಟರಲ್ಲಿ ಮುಕ್ಕಾಲು ಗಂಟೆ. ಅಜ್ಜಿ ಉಳಿದಳು, ದೇವರು ದೊಡ್ಡವನು. ಬೆಳಿಗ್ಗೆ ಅಪ್ಪಯ್ಯ ಫೋನಿನಲ್ಲಿ ಅಂದಿದ್ದು ಒಂದೇ ಮಾತು: "ಲೈಟು ಹಾಕಿಟ್ಟಿರ್ಲಿಲ್ಲ ಮಾರಾಯ, ಆಣೆ ಮಾಡಿ ಹೇಳ್ತೀನಿ." ಅರವತ್ತು ದಾಟಿದ ಮನುಷ್ಯ ಮಗನ ಎದುರು ಆಣೆ ಮಾಡೋ ಹಾಗಾಯ್ತಲ್ಲ ಅಂತ ಹೊಟ್ಟೆಯಲ್ಲಿ ಸಂಕಟವಾಯ್ತು.

ಅವತ್ತೇ ರಾತ್ರಿ ಬಸ್ಸು ಹತ್ತಿದೆ. ಬ್ಯಾಗಿನಲ್ಲಿ ಕೆಲವೇ ನೂರು ರೂಪಾಯಿಯ ಒಂದು ಮಲ್ಟಿಮೀಟರ್. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ ನೋಡಿದರೆ 12.6 ವೋಲ್ಟ್, ಆರೋಗ್ಯವಾಗೇ ಇದೆ. ಇಂಜಿನ್ ಶುರು ಮಾಡಿದರೆ 14.1, ಅಂದರೆ ಆಲ್ಟರ್ನೇಟರ್ ಕೂಡ ಸರಿ. ಇಂಜಿನ್ ನಿಲ್ಲಿಸಿ, ಕೀ ತೆಗೆದು, ಒಳಗಿನ ದೀಪ ಆರಿಸಿ, ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ, ಆ ಜಾಗದಲ್ಲಿ ಮೀಟರನ್ನು 10 ಆಂಪಿಯರ್ ಅಳತೆಗೆ ಇಟ್ಟು ಸೇರಿಸಿದೆ. ಮಲಗಿರೋ ಕಾರು ಸಾಮಾನ್ಯವಾಗಿ 50 ಮಿಲಿ ಆಂಪಿಯರ್‌ಗಿಂತ ಕಮ್ಮಿ ಎಳೀಬೇಕು. ನಮ್ಮದು ಎಳೀತಿದ್ದಿದ್ದು 480!

ಫ್ಯೂಸ್ ಬಾಕ್ಸಿನ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತೆ. ಯಾವುದು ಕಿತ್ತರೂ ಹೆಚ್ಚೇನೂ ಇಳಿಯಲಿಲ್ಲ. ಕೊನೆಗೆ ಉಳಿದಿದ್ದು ಬ್ಯಾಟರಿ ಪಕ್ಕದಲ್ಲಿ ಪ್ರತ್ಯೇಕವಾಗಿದ್ದ, ನನ್ನ ಆಂಪ್ಲಿಫೈಯರಿನ ಫ್ಯೂಸು. ಅದನ್ನು ಕಿತ್ತ ಕೂಡಲೇ 30ಕ್ಕೆ ಇಳೀತು. ಫ್ಯೂಸನ್ನು ಮತ್ತೆ ಹಾಕಿ, ಡಿಕ್ಕಿಯ ಮ್ಯಾಟು ಎತ್ತಿ ನೋಡಿದರೆ ಆಂಪ್ಲಿಫೈಯರಿನ ಮೇಲೆ ಸಾಸಿವೆ ಕಾಳಿನಷ್ಟು ನೀಲಿ ದೀಪ, ಕೀ ನನ್ನ ಜೇಬಿನಲ್ಲಿದ್ದರೂ ಆರಾಮಾಗಿ ಉರೀತಿತ್ತು.

ಆಗಿದ್ದು ಇಷ್ಟೇ. ಆಂಪ್ಲಿಫೈಯರಿಗೆ ದಪ್ಪ ವೈರು ಬ್ಯಾಟರಿಯಿಂದ ನೇರ ಬರುತ್ತೆ. ಅದು ಯಾವಾಗ ಏಳಬೇಕು, ಯಾವಾಗ ಮಲಗಬೇಕು ಅಂತ ಹೇಳೋದು 'ರಿಮೋಟ್' ಅನ್ನೋ ಸಣ್ಣ ವೈರು. ಹೊರಗಿನಿಂದ ತಂದು ಹಾಕಿಸುವ ಸ್ಟೀರಿಯೋಗಳಲ್ಲಿ ಇದಕ್ಕೆಂದೇ ನೀಲಿ-ಬಿಳಿ ವೈರು ಇರುತ್ತೆ. ನಮ್ಮ ಕಾರಿನ ಸ್ಟೀರಿಯೋದಲ್ಲಿ ಅದಿರಲಿಲ್ಲ. ಅಂಥಾ ಕಡೆ ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ವೈರಿಗೆ ಅದನ್ನು ಸೇರಿಸಬೇಕು. ಹುಡುಗ ಸೇರಿಸಿದ್ದು ಸ್ಟೀರಿಯೋದ ಗಡಿಯಾರ, ನೆನಪು ಅಳಿಯದ ಹಾಗೆ ಸದಾ 12 ವೋಲ್ಟ್ ಇರುವ ವೈರಿಗೆ. ಎರಡರಲ್ಲೂ ಹಾಡು ಒಂದೇ ಥರ ಕೇಳುತ್ತೆ! ಬಣ್ಣ ನೋಡಿ ಗುರುತಿಸೋಣ ಅಂದರೆ ಕಾರಿನ ಮೂಲ ವೈರಿಂಗಿನ ಬಣ್ಣಗಳು ಒಂದೊಂದು ಕಂಪನಿಗೆ ಒಂದೊಂದು. ಕೀ ತೆಗೆದಾಗ ಯಾವ ವೈರು ಸಾಯುತ್ತೆ ಅಂತ ಹೇಳೋಕೆ ಮೀಟರೇ ಬೇಕು.

ಲೆಕ್ಕ ನೋಡಿ. 0.48 ಆಂಪಿಯರ್, 24 ಗಂಟೆಗೆ 11.5 ಆಂಪಿಯರ್-ಅವರ್. ನಮ್ಮ ಬ್ಯಾಟರಿ 35ರದ್ದು. ಮೂರು ದಿನಕ್ಕೆ ಪೂರ್ತಿ ಖಾಲಿ, ಸೆಲ್ಫ್ ನಿಲ್ಲೋದು ಅದಕ್ಕೂ ಮೊದಲೇ. ಬೆಂಗಳೂರಲ್ಲಿ ನಾನು ದಿನಾ ಓಡಿಸ್ತಿದ್ದೆ, ರಾತ್ರಿ ಸೋರಿದ್ದು ಹಗಲು ತುಂಬ್ತಿತ್ತು. "ನನ್ನ ಮಶೀನಲ್ಲಿ ಸರಿಯಾಗೇ ಓಡ್ತಿದೆಯಲ್ಲ" ಅಂತ ಟೆಸ್ಟರುಗಳಿಗೆ ಹೇಳ್ತೀವಲ್ಲ, ಹಾಗೇ. ಕಾರಿನ ಒಳಗಿನ 5 ವಾಟಿನ ದೀಪ ಎಳೆಯೋದು ಸುಮಾರು 0.4 ಆಂಪಿಯರ್. ಅಂದರೆ ನಾನು ಅಪ್ಪಯ್ಯನ ತಲೆಗೆ ಕಟ್ಟಿದ ದೀಪ ನಿಜಕ್ಕೂ ಉರೀತಾನೇ ಇತ್ತು. ಹಚ್ಚಿಟ್ಟು ಹೋದವನು ಮಾತ್ರ ನಾನು.

ಈಗ ನನ್ನ ಅಭಿಪ್ರಾಯ. ಕಾರಿನ ಕರೆಂಟಿನ ವಿಷಯದಲ್ಲಿ ನಮ್ಮದು ಊಹಿಸು, ಬದಲಿಸು, ಬೈಯಿ ಅನ್ನೋ ಪದ್ಧತಿ. ಅಳೆಯೋದು ಎಲ್ಲಕ್ಕಿಂತ ಕೊನೆಗೆ, ಅಥವಾ ಇಲ್ಲವೇ ಇಲ್ಲ. ನನ್ನ ಗೆಳೆಯನೊಬ್ಬನ ಕಾರಿನಲ್ಲಿ ಹಾಡಿನ ಹಿಂದೆ ಕುಂಯ್ ಅನ್ನೋ ಸದ್ದು, ಆಕ್ಸಿಲರೇಟರ್ ಒತ್ತಿದಷ್ಟೂ ಅದರ ಶ್ರುತಿ ಏರೋದು. ಅವನು ಮೊದಲು ಆಂಪ್ಲಿಫೈಯರಿಗೆ ಹೋಗುವ ಕೇಬಲ್ ಬದಲಿಸಿದ, ಆಮೇಲೆ ಫಿಲ್ಟರ್ ಹಾಕಿಸಿದ, ಕೊನೆಗೆ ಸ್ಟೀರಿಯೋವನ್ನೇ ಬದಲಿಸಿದ. ಸದ್ದು ಹೋಗಲಿಲ್ಲ. ಮೊನ್ನೆ ಜೋರಾಗಿ ಹಾಡು ಹಾಕಿ, ಆಂಪ್ಲಿಫೈಯರಿನ ಅರ್ತ್ ಮೊಳೆಗೂ ಬ್ಯಾಟರಿಯ ನೆಗೆಟಿವ್‌ಗೂ ಮಧ್ಯೆ ಮೀಟರ್ ಹಿಡಿದೆವು. ಹೆಚ್ಚೆಂದರೆ 0.1 ಇರಬೇಕಾದಲ್ಲಿ 0.6 ವೋಲ್ಟ್. ಅರ್ತ್ ವೈರನ್ನು ಪೇಂಟಿನ ಮೇಲೇ ಬೋಲ್ಟ್ ಹಾಕಿ ಬಿಗಿದಿದ್ದರು. ಪೇಂಟು ಕೆರೆದು, ಹೊಳೆಯುವ ತಗಡಿಗೆ ತಾಗಿಸಿ ಬಿಗಿದ ಮೇಲೆ ಸದ್ದು ಮಾಯ. ಸಾವಿರಗಟ್ಟಲೆ ಸುರಿದರೂ ಹೋಗದ್ದು ಒಂದು ಚೂರು ಉಪ್ಪುಕಾಗದಕ್ಕೆ ಹೋಯ್ತು.

ಅದೇ ಅರ್ತ್ ವೈರನ್ನು ಅಂಗಡಿಯವರು ಮೊದಲೇ ಮೀಟರಿನ 'ಬೀಪ್' ಹಾಕಿ ನೋಡಿದ್ದರಂತೆ, ಬೀಪ್ ಬಂದಿತ್ತಂತೆ. ಬರುತ್ತೆ ಕಣ್ರೀ! ಮೀಟರು ಬೀಪಿಗೆ ಕಳಿಸೋದು ಸೂಜಿಮೊನೆಯಷ್ಟು ಕರೆಂಟು, ಒಂದೇ ಒಂದು ಎಳೆ ತಾಗಿದ್ದರೂ ಸಾಕು. ಅದೇ ಜಾಗದಲ್ಲಿ 20 ಆಂಪಿಯರ್ ಹರಿದಾಗ 0.05 ಓಮ್ ಪ್ರತಿರೋಧ 1 ವೋಲ್ಟನ್ನು ನುಂಗುತ್ತೆ. ಓಮನ ನಿಯಮ! ಮೊದಲನೇ ವರ್ಷದ ಬೇಸಿಕ್ ಎಲೆಕ್ಟ್ರಿಕಲ್ ಪರೀಕ್ಷೆಯಲ್ಲಿ ಬರೆದು ಒಳ್ಳೇ ಮಾರ್ಕ್ಸ್ ತಗೊಂಡಿದ್ದೆ. ನನ್ನ ಸ್ವಂತ ವಸ್ತುವಿನ ಮೇಲೆ ಅದನ್ನು ಬಳಸಿದ್ದು ಇದೇ ಮೊದಲು.

ಫ್ಯೂಸಿನ ವಿಷಯದಲ್ಲಂತೂ ತಮಾಷೆಯೇ ಬೇಡ. ಸುಟ್ಟುಹೋಯ್ತು ಅಂತ 30ರ ಬದಲು 60 ಹಾಕೋದು, ಇಲ್ಲಾ ಎರಡೆಳೆ ತಾಮ್ರದ ತಂತಿ ಸುತ್ತೋದು ನಾವೆಲ್ಲ ನೋಡಿದ್ದೇ. ಬ್ಯಾಟರಿ ಪಕ್ಕದ ಫ್ಯೂಸು ಇರೋದು ಆಂಪ್ಲಿಫೈಯರನ್ನು ಕಾಪಾಡೋಕಲ್ಲ, ಬ್ಯಾಟರಿಯಿಂದ ಡಿಕ್ಕಿವರೆಗೆ ನಮ್ಮ ಕಾಲಡಿಯಲ್ಲಿ ಹೋಗುವ ವೈರನ್ನು ಕಾಪಾಡೋಕೆ. ಆ ವೈರಿನ ಸಿಪ್ಪೆ ಎಲ್ಲೋ ಸವೆದು ತಗಡಿಗೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತೆ, ಬೆಂಕಿಗೆ ಅಷ್ಟು ಸಾಕು. ಅದಕ್ಕೇ ಫ್ಯೂಸು ಬ್ಯಾಟರಿಯಿಂದ ಸುಮಾರು 45 ಸೆಂಟಿಮೀಟರಿನೊಳಗೇ ಇರಬೇಕು. ಫ್ಯೂಸು ಸುಟ್ಟರೆ ಅದೇನೋ ಹೇಳ್ತಿದೆ ಅಂತ ಅರ್ಥ. ಅದರ ಬಾಯಿ ಮುಚ್ಚಿಸಬೇಡಿ.

ಹಾಗಂತ ಅಂಗಡಿಯ ಹುಡುಗನನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಅವನಿಗೆ ದಿನಕ್ಕೆ ಇಷ್ಟು ಕಾರು ಅಂತ ಲೆಕ್ಕ. ಕೈಯಲ್ಲಿದ್ದದ್ದು ಒಂದು ಟೆಸ್ಟ್ ಲ್ಯಾಂಪು, ಎರಡೂ ವೈರಿನಲ್ಲಿ ಅದು ಉರಿದಿರುತ್ತೆ. ಕೀ ತೆಗೆದು ಇನ್ನೊಂದು ಸಲ ನೋಡು ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ದುಡ್ಡು ಕೊಟ್ಟ ನಾನೂ ಕೇಳಲಿಲ್ಲ. ನಾವು ಕೇಳೋದು "ಎಷ್ಟು ವಾಟು?" ಅಂತ ಮಾತ್ರ. ಇನ್ನು ಮುಂದೆ ಸ್ಟೀರಿಯೋ ಹಾಕಿಸಿದರೆ ಬಿಲ್ಲಿನ ಮೇಲೆ ಎರಡು ಅಂಕಿ ಬರೆಸಿಕೊಳ್ಳಿ. ಕೀ ತೆಗೆದಾಗ ಕಾರು ಎಳೆಯುವ ಕರೆಂಟು ಎಷ್ಟು? ಜೋರಾಗಿ ಹಾಡುವಾಗ ಅರ್ತ್‌ನಲ್ಲಿ ಕಳೆದುಹೋಗುವ ವೋಲ್ಟ್ ಎಷ್ಟು? ನಾಲ್ಕು ಜನ ಗಿರಾಕಿಗಳು ಕೇಳಿದರೆ ಐದನೆಯವನಿಗೆ ಅಂಗಡಿಯವರು ತಾವಾಗೇ ಬರೆದುಕೊಡ್ತಾರೆ.

"ಅದೆಲ್ಲ ಮೆಕ್ಯಾನಿಕ್ ಕೆಲಸ, ನಮಗ್ಯಾಕೆ?" ಅಂತೀರಾ? ರಿಪೇರಿ ಅವರದ್ದೇ, ಒಪ್ಪಿದೆ. ಅಳೆಯೋಕೆ ಮಾತ್ರ ಯಾರ ಅಪ್ಪಣೆಯೂ ಬೇಡ. ಮೀಟರ್ ಸೀರೀಸಿನಲ್ಲಿದ್ದಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೀಬೇಡಿ, ಮೀಟರೇ ಸುಡುತ್ತೆ. ಹೊಸ ಕಾರುಗಳ ಕಂಪ್ಯೂಟರುಗಳು ಪೂರ್ತಿ ಮಲಗೋಕೆ ಅರ್ಧ ಗಂಟೆವರೆಗೂ ಹಿಡಿಯಬಹುದು, ಕಾಯಿರಿ. ಹೈಬ್ರಿಡ್, ಎಲೆಕ್ಟ್ರಿಕ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್ಲುಗಳ ತಂಟೆಗೇ ಹೋಗಬೇಡಿ.

ನಮ್ಮ ಕಾರಿನ ರಿಮೋಟ್ ವೈರನ್ನು ಸರಿಯಾದ ಜಾಗಕ್ಕೆ ಬದಲಿಸಿದ್ದು ಹತ್ತು ನಿಮಿಷದ ಕೆಲಸ. ಅಂಗಳದಲ್ಲೇ ಅಪ್ಪಯ್ಯನಿಗೆ ಎಲ್ಲ ಹೇಳಿ, "ತಪ್ಪು ನಂದೇ" ಅಂದೆ. "ಹೋಗ್ಲಿ ಬಿಡು ಮಾರಾಯ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಆ ಮೀಟರು ಇಲ್ಲೇ ಬಿಟ್ಟು ಹೋಗು" ಅಂದ್ರು. ಈಗ ವಾರಕ್ಕೊಮ್ಮೆ ಬ್ಯಾಟರಿ ಅಳೆದು ಕ್ಯಾಲೆಂಡರಿನ ಮೇಲೆ ಬರೆದಿಡ್ತಾರಂತೆ. ನಿನ್ನೆ 12.5 ಇತ್ತಂತೆ. ಕಾರು ಈಗಲೂ ಇಳಿಜಾರಿನಲ್ಲೇ ನಿಲ್ಲುತ್ತೆ. ಅದನ್ನು ಬದಲಿಸಿ ಅಂತ ಹೇಳೋ ಧೈರ್ಯ ನನಗಿಲ್ಲ.

ನಿಮ್ಮನೆಯಲ್ಲೂ ಯಾರ ತಲೆಗಾದ್ರೂ ಸುಮ್ನೆ ಒಂದು ದೀಪ ಕಟ್ಟಿದ್ದೀರಾ? ಒಂದ್ಸಲ ಅಳೆದು ನೋಡಿ.